ಆರು ಇಂಚಿನ ಕನ್ನಡಿ, 11ನೇ ವಾರ: ಕೊನೆಗೂ ದೀಪ ಹಿಡಿದು ನೋಡಿದೆ

ಹೋದ ಸಲ ಬರೆದಾಗ ನನ್ನ ಟೆಲಿಸ್ಕೋಪ್ ಕನ್ನಡಿಯನ್ನು 400ರ ಪುಡಿಯಲ್ಲಿ (ಅಂಕಿ ದೊಡ್ಡದಾದಷ್ಟೂ ಪುಡಿ ನುಣುಪು) ತಿಕ್ಕಿ ಮುಗಿದಿತ್ತು, ನಾಳೆಯಿಂದ ಪಾಲಿಶ್ ಅಂದಿದ್ದೆ. ಆಗಲಿಲ್ಲ. ಬೆಳಗ್ಗೆ ಗಾಜನ್ನು ಬಿಸಿಲಿಗೆ ಹಿಡಿದರೆ ನಡುವೆ ಬೆರಳುದ್ದದ ಗೀರು! ತಪ್ಪು ನನ್ನದೇ. 80ರ ಪುಡಿ ತೊಳೆದ ಬಕೆಟ್ಟನ್ನೇ ಮತ್ತೆ ಬಳಸಿದ್ದೆ, ಅದರ ಅಂಚಿನಲ್ಲಿ ಎಲ್ಲೋ ಒಂದು ಕಾಳು ಕೂತಿತ್ತು ಅಂತ ಕಾಣುತ್ತದೆ. ಒಂದೇ ಕಾಳು ಸಾಕು. 220ಕ್ಕೆ ವಾಪಸ್ ಹೋಗಿ ಇನ್ನೊಂದು ವಾರ ತಿಕ್ಕಿದೆ. ಆ ಬಕೆಟ್ ಈಗ ಬಚ್ಚಲಲ್ಲಿದೆ.

ಹೊಸದಾಗಿ ಓದುತ್ತಿರುವವರಿಗೆ ಚುಟುಕಾಗಿ ಹೇಳುತ್ತೇನೆ. ನಾನು ಟೆಲಿಸ್ಕೋಪಿನ ಕನ್ನಡಿ ಮಾಡುತ್ತಿದ್ದೇನೆ, 150 ಮಿ.ಮೀ. ಅಗಲ, 1200 ಮಿ.ಮೀ. ನಾಭಿದೂರ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ದೂರ). ಡ್ರಮ್ಮಿನ ಮೇಲೆ ಟೈಲ್ಸ್ ಚೂರು ಅಂಟಿಸಿದ ತಟ್ಟೆ, ಅದರ ಮೇಲೆ ಗಾಜು, ನಡುವೆ ಗಾಜು ಸವೆಸುವ ಕಾರ್ಬೊರಂಡಂ ಪುಡಿ ಮತ್ತು ನೀರು. ಗಾಜನ್ನು ಹಿಂದೆ ಮುಂದೆ ತಳ್ಳುತ್ತ, ಆಗಾಗ ತಿರುಗಿಸುತ್ತ, ಡ್ರಮ್ಮಿಗೆ ಪ್ರದಕ್ಷಿಣೆ ಹಾಕಬೇಕು. ಮೇಲಿನದು ನಡುವೆ ಸವೆದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಎತ್ತ ತಿರುಗಿಸಿದರೂ ಎರಡೂ ಒಂದಕ್ಕೊಂದು ಸರಿಯಾಗಿ ಕೂರಬೇಕಾದರೆ ಗೋಳದ ಆಕಾರ ಬಿಟ್ಟು ಬೇರೆ ದಾರಿಯೇ ಇಲ್ಲ, ಅದಕ್ಕೇ ದಿನವಿಡೀ ಲೆಕ್ಕ ಬರೆಯುವ ನನ್ನಂಥವಳ ಕೈಯಲ್ಲೂ ಇದು ಆಗುತ್ತದೆ. ಇಷ್ಟೆಲ್ಲ ತಿಕ್ಕಿ ಬರುವ ತಗ್ಗು ಎಷ್ಟು ಗೊತ್ತಾ? 1.17 ಮಿ.ಮೀ.

ಕೊಂಡರೆ ಆಗಿತ್ತಲ್ಲ ಅಂತ ಮನೆಯವರು ಇನ್ನೂ ಕೇಳುತ್ತಾರೆ. ಆಗಿತ್ತು. ಆದರೆ 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನನಗೆ ಹತ್ತು ವರ್ಷ. ಯಾರದೋ ತಾರಸಿಯಲ್ಲಿ ಬೆಳಗಿನ ಜಾವ ಸಾಲು ನಿಂತು, ನನ್ನ ಸರದಿ ಬರುವಷ್ಟರಲ್ಲಿ ಬೆಳಕು ಹರಿದುಬಿಟ್ಟಿತು. ಅದು ಮತ್ತೆ ಬರುವುದು 2061ಕ್ಕೆ. ಆಗ ನನಗೆ 85, ಲೆಕ್ಕ ಹಾಕುವುದು ಬೇಡ. ಆವತ್ತೇ ಸ್ವಂತದ್ದೊಂದು ಮಾಡಬೇಕು ಅನ್ನಿಸಿತ್ತು. ನಲವತ್ತು ವರ್ಷ ತಡವಾಯಿತು, ಅಷ್ಟೇ.

ಪಾಲಿಶ್ ಅಂದರೆ ಪಿಚ್ (ಡಾಂಬರಿನಂಥ ಅಂಟು) ಕರಗಿಸಿ ತಟ್ಟೆಯ ಮೇಲೆ ಸುರಿದು, ಚೌಕ ಚೌಕವಾಗಿ ಗೆರೆ ಕೊರೆದು, ಸೀರಿಯಂ ಆಕ್ಸೈಡ್ ಅನ್ನುವ ಪಾಲಿಶ್ ಪುಡಿಯನ್ನು ನೀರಿನಲ್ಲಿ ಕಲಸಿ ಅದರ ಮೇಲೆ ಗಾಜನ್ನು ಉಜ್ಜುವುದು. ಮೈಸೂರಿನ ಏಪ್ರಿಲ್ ಸೆಖೆಗೆ ಪಿಚ್ ಮೆತ್ತಗಾಗಿ ಗೆರೆಗಳು ಎರಡೇ ದಿನಕ್ಕೆ ಮುಚ್ಚಿಕೊಂಡವು. ಮತ್ತೆ ಕೊರೆದೆ. ಮತ್ತೆ ಮುಚ್ಚಿದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ನಾಚಿಕೆಯ ವಿಷಯ. ಪಾಲಿಶ್ ಮೂರು ವಾರದ ಹಿಂದೆಯೇ ಮುಗಿದಿತ್ತು. ಗಾಜು ಫಳಫಳ ಅನ್ನುತ್ತಿತ್ತು. ಆದರೂ ದಿನಾ ಸಂಜೆ ಹೋಗಿ ಇನ್ನು ಅರ್ಧ ಗಂಟೆ, ಇನ್ನು ಅರ್ಧ ಗಂಟೆ ಅಂತ ಸುಮ್ನೆ ಉಜ್ಜುತ್ತಿದ್ದೆ. ಯಾಕೆಂದರೆ ಪರೀಕ್ಷೆ ಮಾಡದ ಕನ್ನಡಿ ಇನ್ನೂ ಫೇಲಾಗಿಲ್ಲ, ಅಲ್ವಾ? ಶುರು ಮಾಡುವಾಗ ನನಗೆ ಇಷ್ಟು ಹೆದರಿಕೆ ಇರಲಿಲ್ಲ. ಆಗ ಕಳೆದುಕೊಳ್ಳಲು ಒಂದು ಗಾಜಿನ ಬಿಲ್ಲೆ ಮಾತ್ರ ಇತ್ತು. ಈಗ ಎರಡೂವರೆ ತಿಂಗಳಿನ ಸಂಜೆಗಳು, ಒಂದು ನೋಯುವ ಭುಜ, ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ ಬಾಯಿ.

ಶನಿವಾರ ರಾತ್ರಿ ಮಗಳೇ ಹಟ ಹಿಡಿದಳು. "ಅಮ್ಮಾ, ಇವತ್ತು ನೋಡಿಲ್ಲ ಅಂದ್ರೆ ನಾನೇ ನೋಡ್ತೀನಿ."

1858ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಕಂಡುಹಿಡಿದ ಪರೀಕ್ಷೆ ಇದು, ಬೇಕಾಗುವುದು ಒಂದು ಎಲ್‌ಇಡಿ, ಒಂದು ಸೀಳು, ಒಂದು ಬ್ಲೇಡು. ಕನ್ನಡಿಯಿಂದ 2.4 ಮೀಟರ್ ದೂರ ಕೂತು, ವಾಪಸ್ ಬರುವ ಬೆಳಕನ್ನು ಬ್ಲೇಡಿನಿಂದ ನಿಧಾನ ಕತ್ತರಿಸಬೇಕು. ಗಾಳಿ ಅಲುಗಾಡಿದರೂ ಕಾಣುತ್ತದೆ, ಹಾಗಾಗಿ ಫ್ಯಾನ್ ಆಫ್. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬ್ಲೇಡು ಸರಿಸಿದೆ. ಇಡೀ ಕನ್ನಡಿ ಒಟ್ಟಿಗೆ, ಒಂದೇ ಸಮ, ಬೂದು ಬಣ್ಣಕ್ಕೆ ತಿರುಗಿತು. ಅಂದರೆ ಗೋಳ! ಈ ಅಳತೆಯ ಕನ್ನಡಿಗೆ ಗೋಳವಾದರೂ ಹೆಚ್ಚುಕಡಿಮೆ ನಡೆಯುತ್ತದೆ, ಅದಕ್ಕೇ ಈ ಅಳತೆ ಆರಿಸಿಕೊಂಡಿದ್ದು. ಮಗಳು ಕನ್ನಡಿಯ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು, ಅಷ್ಟು ಬಿಸಿಗೇ ಗಾಜು ಉಬ್ಬಿ ಅಲ್ಲೊಂದು ಗುಡ್ಡ ಕಂಡಿತು, ನೋಡುತ್ತಿದ್ದಂತೆ ಕರಗಿತು. ಹತ್ತು ಸಲ ಮಾಡಿಸಿ ನೋಡಿದೆ.

ಆಮೇಲೆ ಅಂಚು ನೋಡಿದೆ. ಸುತ್ತಲೂ ಅಂಚು ಕೆಳಕ್ಕೆ ಜಾರಿದೆ. ಮೆತ್ತನೆ ಪಿಚ್ಚಿನ ಕೆಲಸ. ಅದೂ ಬೇಡದ ಮೂರು ವಾರ ಉಜ್ಜಿದ್ದೇನೆ, ಅದರ ಪಾಲು ಎಷ್ಟೋ.

ನನಗೆ ಇದನ್ನು ಕಲಿಸುತ್ತಿರುವ ನಿವೃತ್ತ ಮೇಷ್ಟ್ರಿಗೆ ಫೋನ್ ಮಾಡಿದೆ. "ಎಷ್ಟು ಅಗಲ ಜಾರಿದೆಯಮ್ಮಾ?" ಮೂರು ಮಿಲಿಮೀಟರ್ ಇರಬಹುದು ಸರ್ ಅಂದೆ. "ಕಪ್ಪು ಕಾಗದದ ಉಂಗುರ ಮಾಡಿ ಮುಚ್ಚಿಬಿಡಿ. ಇಲ್ಲಾ ಗಟ್ಟಿ ಪಿಚ್ ಮಾಡಿಕೊಂಡು ಮತ್ತೆ ಉಜ್ಜಿ. ಹೇಗೂ ಶನಿ ಕಾಣ್ತಾನೆ."

ಮುಚ್ಚಿದರೆ ಕೆಲಸ ಸಲೀಸು. ಉಜ್ಜಲು ಹೋದರೆ ಚೆನ್ನಾಗಿರುವ ನಡುಭಾಗವೂ ಕೆಡಬಹುದು. ಎರಡು ದಿನ ಯೋಚಿಸಿ ಉಜ್ಜುವುದು ಅಂತ ತೀರ್ಮಾನಿಸಿದ್ದೇನೆ, ಆದರೆ ಈ ಸಲ ಪ್ರತಿ ಅರ್ಧ ಗಂಟೆಗೆ ಬ್ಲೇಡು ಹಿಡಿದು ನೋಡುತ್ತೇನೆ. 2025ರ ಮಾರ್ಚಿನಲ್ಲಿ ಅಂಚು ಮಾತ್ರ ನಮ್ಮತ್ತ ಇರುವಂತೆ ನಿಂತಿದ್ದ ಶನಿಯ ಬಳೆಗಳು ಈಗ ನಿಧಾನ ತೆರೆದುಕೊಳ್ಳುತ್ತಿವೆ, ತಡವಾದಷ್ಟೂ ಚೆನ್ನಾಗಿ ಕಾಣುತ್ತವೆ.

ಮಂಗಳವಾರ ರಜೆ ಹಾಕಿದ್ದೇನೆ. ಪಿಚ್ ಕರಗಿಸಲು ಇನ್ನೊಂದು ಪಾತ್ರೆ ಬೇಕು. ಹಳೆಯದನ್ನು ಯಾರೋ ಉಜ್ಜಿ ತೊಳೆದು ಅಡುಗೆಮನೆಗೆ ಸೇರಿಸಿದ್ದಾರೆ.