ನಾಲ್ಕು ಅಟ್ಲಾಂಟಿಕ್ ಕಾರುಗಳು, ನಾಲ್ಕು ಒಡೆತನಗಳು

ಬುಗಾಟಿ 57 ಎಸ್‌ಸಿ ಅಟ್ಲಾಂಟಿಕ್ ಕಾರನ್ನು ನಾನು ಚಿತ್ರಗಳಲ್ಲಿ ಮಾತ್ರ ನೋಡಿದ್ದೇನೆ. ಆದರೂ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಥೆಯನ್ನು ಹಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. 1936ರಿಂದ 1938ರವರೆಗೆ ಫ್ರಾನ್ಸಿನ ಮೋಲ್ಸೈಮ್ ಕಾರ್ಖಾನೆಯಲ್ಲಿ ತಯಾರಾದ ಈ ಮಾದರಿಯ ಕಾರುಗಳು ನಾಲ್ಕೇ ನಾಲ್ಕು. ಕಂಪನಿಯ ಸ್ಥಾಪಕ ಎತ್ತೋರೆ ಬುಗಾಟಿಯವರ ಮಗ ಜಾನ್ ಬುಗಾಟಿ ಅದರ ರೂಪವನ್ನು ಕಲ್ಪಿಸಿದವರು. ಇದಕ್ಕೆ ಮೊದಲು, 1935ರಲ್ಲಿ, ಪ್ಯಾರಿಸ್‌ನಲ್ಲಿ ಪ್ರದರ್ಶಿಸಿದ ಮೂಲ ಮಾದರಿಯ ಹೊರಮೈಯನ್ನು ಬೆಸುಗೆಗೆ ಒಗ್ಗದ ಮೆಗ್ನೀಸಿಯಂ ಮಿಶ್ರಲೋಹದಿಂದ ಮಾಡಿದ್ದರಿಂದ ಅದರ ಎರಡು ಪಾಲುಗಳನ್ನು ರಿವೆಟ್ ಹೊಡೆದು ಕೂಡಿಸಬೇಕಾಯಿತು. ಅಟ್ಲಾಂಟಿಕ್‌ಗೆ ಅಲ್ಯೂಮಿನಿಯಂ ಬಳಸಿದಾಗ ಆ ಅಗತ್ಯ ಇಲ್ಲವಾದರೂ, ನೆತ್ತಿಯಿಂದ ಹಿಂಬದಿಯವರೆಗೆ ಬೆನ್ನುಮೂಳೆಯಂತೆ ಇಳಿಯುವ ರಿವೆಟ್ ಸಾಲು ಹಾಗೆಯೇ ಉಳಿಯಿತು. ಅದನ್ನು ಉಳಿಸಿದ್ದೇ ಸರಿಯಾಯಿತು ಎಂಬುದು ನನ್ನ ಭಾವನೆ.

ಇಷ್ಟು ಹಳೆಯ ಕಾರಿನ ಬಣ್ಣ ಬದಲಾಗಿರುತ್ತದೆ, ಎಂಜಿನ್ ಹಲವು ಸಲ ಬಿಚ್ಚಿ ಜೋಡಣೆಯಾಗಿರುತ್ತದೆ, ಕೆಲವೆಡೆ ತಗಡೂ ಹೊಸದಾಗಿರುತ್ತದೆ. ಅದೇ ಕಾರು ಇದು ಎಂದು ಹೇಳಲು ಉಳಿಯುವ ಆಧಾರಗಳೆಂದರೆ ಷಾಸಿ ಸಂಖ್ಯೆ, ಅಂದರೆ ಕಾರಿನ ತಳಚೌಕಟ್ಟಿಗೆ ಕೊಟ್ಟ ಸಂಖ್ಯೆ, ಮತ್ತು ಎಲ್ಲಿಯೂ ಕಡಿಯದ ಒಡೆತನದ ದಾಖಲೆ.

ಮೊದಲನೆಯ ಕಾರು, ಷಾಸಿ ಸಂಖ್ಯೆ 57374, 1936ರಲ್ಲಿ ಇಂಗ್ಲೆಂಡಿನ ವಿಕ್ಟರ್ ರಾಥ್ಸ್‌ಚೈಲ್ಡ್ ಅವರಿಗೆ ಹೋಯಿತು. ಆಗ ಅದಕ್ಕೆ ಸೂಪರ್‌ಚಾರ್ಜರ್, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ, ಇರಲಿಲ್ಲ. ಅದನ್ನು ಅಳವಡಿಸಿದ್ದು 1939ರಲ್ಲಿ. ಎಂಜಿನ್ ಕೆಟ್ಟ ಮೇಲೆ ಕಾರು ಮೂಲೆಗುಂಪಾಗಿ, 1941ರಲ್ಲಿ ಕೈಬದಲಾಗಿ, ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕ ಸೇರಿತು. ಅಲ್ಲಿ 1971ರಲ್ಲಿ ಪೀಟರ್ ವಿಲಿಯಮ್ಸನ್ ಎಂಬ ನರರೋಗ ತಜ್ಞರು ಹರಾಜಿನಲ್ಲಿ 59,000 ಡಾಲರ್ ಕೊಟ್ಟು ಅದನ್ನು ಕೊಂಡರು. ಕಾರನ್ನು ಮೂಲದ ನೀಲಿಛಾಯೆಯ ತಿಳಿಬೂದು ಬಣ್ಣಕ್ಕೆ ಮರಳಿಸಿದ್ದು ಅವರೇ. 2003ರಲ್ಲಿ ಅಮೆರಿಕದ ಪೆಬಲ್ ಬೀಚ್‌ನಲ್ಲಿ ನಡೆಯುವ ಹಳೆಯ ಕಾರುಗಳ ಸ್ಪರ್ಧೆಯ ಸರ್ವೋತ್ತಮ ಪ್ರಶಸ್ತಿ ಅದಕ್ಕೆ ಸಂದಿತು. ಅವರ ಮರಣಾನಂತರ, 2010ರಲ್ಲಿ, ಅದು ಕ್ಯಾಲಿಫೋರ್ನಿಯಾದ ಪೀಟರ್ ಮುಲಿನ್ ಅವರ ಸಂಗ್ರಹದ ಪಾಲಾಯಿತು. ಬೆಲೆಯನ್ನು ಅಧಿಕೃತವಾಗಿ ಹೇಳದಿದ್ದರೂ 3ರಿಂದ 4 ಕೋಟಿ ಡಾಲರ್ ಇರಬಹುದೆಂದು ಪತ್ರಿಕೆಗಳು ಬರೆದವು. ಆ ಮೊತ್ತಕ್ಕಿಂತ, ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಅದನ್ನು ಜೋಪಾನ ಮಾಡಿದರು ಎಂಬುದು ನನಗೆ ಹೆಚ್ಚು ಗೌರವದ ಸಂಗತಿಯಾಗಿ ಕಾಣುತ್ತದೆ.

ಕೊನೆಯದಾಗಿ ತಯಾರಾದ 57591 ಸಂಖ್ಯೆಯ ಕಾರು 1938ರಲ್ಲಿ ಲಂಡನ್ ಸೇರಿತು. 1988ರಿಂದ ಅದು ವಸ್ತ್ರವಿನ್ಯಾಸಕ ರಾಲ್ಫ್ ಲಾರೆನ್ ಅವರ ಬಳಿ ಇದೆ. ಅದರ ದಾಖಲೆ ಸುಗಮವಾದದ್ದು.

57473ರ ಕಥೆ ಹಾಗಿಲ್ಲ. 1955ರಲ್ಲಿ ಫ್ರಾನ್ಸಿನ ಒಂದು ರೈಲ್ವೆ ಗೇಟಿನಲ್ಲಿ ಅದಕ್ಕೆ ರೈಲು ಬಡಿದು, ಆಗಿನ ಮಾಲೀಕರೂ ಅವರ ಜೊತೆಗಿದ್ದವರೂ ಪ್ರಾಣ ಕಳೆದುಕೊಂಡರು. ನುಜ್ಜುಗುಜ್ಜಾದ ಅವಶೇಷಗಳನ್ನು ಮುಂದೆ ಒಬ್ಬ ಸಂಗ್ರಾಹಕರು ಕೊಂಡು, ಉಳಿದ ಭಾಗಗಳಿಗೆ ಹೊಸದನ್ನು ಸೇರಿಸಿ ವರ್ಷಗಟ್ಟಲೆ ದುಡಿದು ಕಾರನ್ನು ಮತ್ತೆ ನಿಲ್ಲಿಸಿದರು. ಅದರಲ್ಲಿ ಮೂಲದ್ದು ಎಷ್ಟು ಎಂದು ಪರಿಣತರು ಕೇಳುವುದು ಸಹಜವೇ. ಆದರೆ ಅಪಘಾತವನ್ನೂ ಪುನರ್‌ನಿರ್ಮಾಣವನ್ನೂ ಮುಚ್ಚಿಡದ ದಾಖಲೆಯಿರುವ ಕಾರನ್ನು ನಕಲಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಉಳಿದದ್ದು 57453, ಜಾನ್ ಬುಗಾಟಿಯವರೇ ಓಡಿಸುತ್ತಿದ್ದ ಕಪ್ಪು ಕಾರು. 1937ರ ಲಿಯಾನ್ ಮತ್ತು ನೀಸ್ ಪ್ರದರ್ಶನಗಳಲ್ಲಿ ಕಂಪನಿ ಜನರಿಗೆ ತೋರಿಸಿದ್ದು ಇದನ್ನೇ. ಜಾನ್ 1939ರ ಆಗಸ್ಟ್‌ನಲ್ಲಿ ಮತ್ತೊಂದು ಕಾರನ್ನು ಪರೀಕ್ಷಿಸುವಾಗ ತೀರಿಕೊಂಡರು. ಯುದ್ಧದ ಕಾಲದಲ್ಲಿ ಕಾರ್ಖಾನೆಯಿಂದ ಬೋರ್ಡೊಗೆ ಸಾಗಿಸಬೇಕಾದ ಕಾರುಗಳ ಪಟ್ಟಿಯೊಂದರಲ್ಲಿ 57454 ಎಂಬ ಸಂಖ್ಯೆಯಿದ್ದು, ಅದು ಈ ಕಾರನ್ನೇ ಸೂಚಿಸುತ್ತದೆಂದು ತಿಳಿದವರು ಭಾವಿಸುತ್ತಾರೆ. 1941ರ ಫೆಬ್ರವರಿಯ ನಂತರ ಅದರ ಸುಳಿವೇ ಇಲ್ಲ. ಎಂದಾದರೂ ಯಾವುದೋ ಕೊಟ್ಟಿಗೆಯಲ್ಲಿ ಅದು ಸಿಕ್ಕಿತೆಂಬ ಸುದ್ದಿ ಬಂದರೆ ನಾನು ಖಂಡಿತ ಹಿಗ್ಗುತ್ತೇನೆ. ಆದರೆ ಅಂದಿನಿಂದ ಇಂದಿನವರೆಗೆ ಅದು ಯಾರ ಕೈಯಲ್ಲಿತ್ತು ಎಂಬುದನ್ನು ಕಾಗದಪತ್ರಗಳೊಂದಿಗೆ ತೋರಿಸುವತನಕ, ಅದೇ ಕಾರು ಎಂದು ನಂಬಲಾರೆ.