ಮಾನ್ಸೂನ್ ಅಂದ್ರೆ ಮೊದ್ಲು ಮಳೆನೇ ಅಲ್ಲ

ಜೂನ್ ಬಂತಂದ್ರೆ ಟೀವಿ, ಪೇಪರ್ ಎಲ್ಲಾ ಕಡೆ ಮಾನ್ಸೂನ್ ಮಾನ್ಸೂನ್ ಅಂತಿರ್ತಾರೆ, ನಾವೂ ಮಳೆ ಅಂತಾನೇ ತಿಳ್ಕೋತೀವಿ. ಆದ್ರೆ ಈ ಪದದ ಬೇರಲ್ಲಿ ನೀರೇ ಇಲ್ಲ ನೋಡಿ. ಅರಬ್ಬಿಯ ಮೌಸಿಮ್ ಅದರ ಮೂಲ, ಅಂದ್ರೆ ಒಂದು ಕೆಲಸಕ್ಕೆ ಅಂತ ಗೊತ್ತಾಗಿರೋ ಕಾಲ, ಹಜ್ ಯಾತ್ರೆ ಕಾಲಕ್ಕೂ ಅದೇ ಪದ ಹೇಳ್ತಾರೆ. ಅದರ ಧಾತುವಿಗೆ ಗುರುತು ಹಾಕೋದು, ಬರೆ ಹಾಕೋದು ಅನ್ನೋ ಅರ್ಥ ಇದೆ.

ಅರಬ್ ನಾವಿಕರಿಗೆ ಈ ಕಾಲ ಅಂದ್ರೆ ಹಡಗು ಬಿಡೋ ಕಾಲ. ಅರಬ್ಬೀ ಸಮುದ್ರದ ಮೇಲೆ ಗಾಳಿ ಅರ್ಧ ವರ್ಷ ನೈಋತ್ಯದಿಂದ ಬೀಸತ್ತೆ, ಆಮೇಲೆ ತಿರುಗಿ ಈಶಾನ್ಯದಿಂದ, ಆ ಕಡೆಯಿಂದ ನಮ್ಮ ಕರಾವಳಿಗೆ ಬರೋಕೆ ಒಂದು ಗಾಳಿ ವಾಪಸ್ ಹೋಗೋಕೆ ಇನ್ನೊಂದು, ಅದು ತಪ್ಪಿದ್ರೆ ತಿಂಗಳುಗಟ್ಟಲೆ ಬಂದರಲ್ಲೇ ಕೂತಿರ್ಬೇಕು. ವಿಜಯನಗರದ ಸೈನ್ಯಕ್ಕೆ ಭಟ್ಕಳ, ಹೊನ್ನಾವರದಲ್ಲಿ ಇಳೀತಿದ್ದ ಕುದುರೆಗಳೂ ಈ ಗಾಳಿ ಲೆಕ್ಕದಲ್ಲೇ ಬರ್ತಿದ್ವು. ನಂಗೆ ತುಂಬಾ ಆಶ್ಚರ್ಯ ಆಗೋದು ಏನಂದ್ರೆ, ನಾವು ಮಾನ್ಸೂನ್ ಅನ್ನೋ ಜೂನ್-ಜುಲೈಲಿ ಕಡಲು ಎಷ್ಟು ಒರಟಾಗಿರತ್ತೆ ಅಂದ್ರೆ ಆಗ ಈ ಕರಾವಳಿಗೆ ಹಡಗು ತರೋಕೆ ಯಾರೂ ಮುಂದಾಗ್ತಿರ್ಲಿಲ್ಲ. ಈಗ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮೊಟ್ಟೆ ಇಡೋ ಕಾಲ ಅನ್ನೋದು ಮುಖ್ಯ ಕಾರಣ.

ಪೋರ್ಚುಗೀಸರು ಈ ಪದ ಕಲಿತು ಮೊನ್ಸಾಂವ್ ಅಂದ್ರು, ಇಂಗ್ಲಿಷಿಗೆ 16ನೇ ಶತಮಾನದ ಕೊನೆಗೆ ಬಂತು. ಹಿಂದಿಯ ಮೌಸಮ್, ಸ್ವಾಹಿಲಿಯ ಮ್ಸಿಮು, ಇಂಡೋನೇಷ್ಯಾದ ಮುಸಿಮ್ ಎಲ್ಲಾ ಒಂದೇ ಬಳ್ಳಿ, ಹಡಗು ಎಲ್ಲೆಲ್ಲಿ ಹೋಯ್ತೋ ಪದನೂ ಅಲ್ಲಿಗೆ ಹೋಗಿದೆ. ಹವಾಮಾನದವರು ಮಾತ್ರ ಹಳೇ ಅರ್ಥ ಬಿಟ್ಟಿಲ್ಲ, ಅವರ ಪ್ರಕಾರ ಮಾನ್ಸೂನ್ ಅಂದ್ರೆ ಋತುವಿಗೆ ತಕ್ಕಂತೆ ದಿಕ್ಕು ಬದಲಿಸೋ ಗಾಳಿ, ಮಳೆ ಅದು ಹೊತ್ತು ತರೋದು.

ನಮ್ಮ ಮುಂಗಾರು ಹಂಗಲ್ಲ, ಅದು ಹೊಲದಲ್ಲಿ ನಿಂತು ಆಕಾಶ ನೋಡಿದವರ ಪದ. ಕಾರ್ ಅಂದ್ರೆ ಕಪ್ಪು, ಮಳೆಗಾಲ, ಕಾರ್ಮೋಡದಲ್ಲಿ ಇರೋದೂ ಅದೇ. ಮೊದ್ಲು ಬರೋದು ಮುಂಗಾರು, ಆಮೇಲಿಂದು ಹಿಂಗಾರು, ಬಿತ್ತನೆ ಲೆಕ್ಕ ಪೂರ್ತಿ ಇವೆರಡರ ಮೇಲೇ ನಿಂತಿದೆ. ಮಳೆ ಸುದ್ದಿ ಓದೋವಾಗ ಇಷ್ಟು ಚೆನ್ನಾಗಿರೋ ಪದ ಇಟ್ಕೊಂಡು ಮಾನ್ಸೂನ್ ಯಾಕೆ ಬೇಕು ಅನ್ಸತ್ತೆ ನಂಗೆ.