ಆ ಕರೆ 911ಕ್ಕೆ ಬಂದದ್ದಲ್ಲ

2017ರ ಡಿಸೆಂಬರ್ 28, ಗುರುವಾರ. ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ ಸಂಜೆ ಆರು ದಾಟಿ ಕತ್ತಲಾಗಿತ್ತು. ಸಿಟಿ ಹಾಲ್‌ನ ಭದ್ರತಾ ಸಿಬ್ಬಂದಿಗೆ ಒಂದು ಫೋನ್ ಬಂತು. ಅಪ್ಪನ ತಲೆಗೆ ಗುಂಡು ಹೊಡೆದಿದ್ದೇನೆ, ಅಮ್ಮನನ್ನೂ ತಮ್ಮನನ್ನೂ ಬಂದೂಕು ತೋರಿಸಿ ಕೂಡಿಹಾಕಿದ್ದೇನೆ ಎಂದ ಆ ಕಡೆಯವನು. ಸಿಬ್ಬಂದಿ ಕರೆಯನ್ನು 911 ಎಂಬ ತುರ್ತು ಸಹಾಯ ಸಂಖ್ಯೆಯ ಕೇಂದ್ರಕ್ಕೆ ದಾಟಿಸಿದರು. ಅಲ್ಲಿ ಅವನು ಮನೆಗೆ ಪೆಟ್ರೋಲ್ ಸುರಿದಿರುವುದಾಗಿಯೂ ಸೇರಿಸಿದ, ಮೆಕಾರ್ಮಿಕ್ ಬೀದಿಯ ಒಂದು ಮನೆಯ ವಿಳಾಸ ಕೊಟ್ಟ. ಸ್ವಲ್ಪ ಹೊತ್ತಿನಲ್ಲಿ ಪೊಲೀಸರು ಆ ಮನೆಯನ್ನು ಸುತ್ತುವರಿದರು. ಹೊರಗೆ ಬೆಳಕು, ಗದ್ದಲ ಕಂಡು 28 ವರ್ಷದ ಒಬ್ಬ ಯುವಕ ಬಾಗಿಲು ತೆರೆದು ಜಗುಲಿಗೆ ಬಂದ. ಕೆಲವೇ ಸೆಕೆಂಡುಗಳಲ್ಲಿ ರಸ್ತೆಯಾಚೆ ನಿಂತಿದ್ದ ಪೊಲೀಸರೊಬ್ಬರ ರೈಫಲ್‌ನಿಂದ ಹಾರಿದ ಒಂದೇ ಗುಂಡಿಗೆ ಬಲಿಯಾದ. ಅವನ ಕೈಯಲ್ಲಿ ಯಾವ ಆಯುಧವೂ ಇರಲಿಲ್ಲ. ಒಳಗೆ ಯಾರೂ ಸತ್ತಿರಲಿಲ್ಲ, ಯಾರೂ ಒತ್ತೆಯಾಳಾಗಿರಲಿಲ್ಲ. ಮನೆಯವರಿಗೆ, ಅವನ ತಾಯಿಗೂ ಸೇರಿ, ಬೇಡಿ ಹಾಕಿ ಆ ಚಳಿಯಲ್ಲಿ ಹೊರಗೆ ಕರೆತಂದರು.

ಇದರ ಮೂಲ ಒಂದು ಆನ್‌ಲೈನ್ ಆಟ. ಕಾಲ್ ಆಫ್ ಡ್ಯೂಟಿ ಪಂದ್ಯದಲ್ಲಿ ಒಂದೂವರೆ ಡಾಲರ್ ಬಾಜಿಯ ಸುತ್ತ ಜಗಳ ಹುಟ್ಟಿತು. ಒಬ್ಬ ಓಹಾಯೋದವನು, ಇನ್ನೊಬ್ಬ ವಿಚಿಟಾದವನು. ವಿಚಿಟಾದವನು ತನ್ನ ಕುಟುಂಬ ಹಿಂದೆ ಬಾಡಿಗೆಗಿದ್ದ ಮನೆಯ ವಿಳಾಸ ಕೊಟ್ಟು, ಏನು ಮಾಡುತ್ತೀಯೋ ಮಾಡು ಎಂದು ಸವಾಲು ಹಾಕಿದ. ಓಹಾಯೋದವನು ಲಾಸ್ ಏಂಜಲೀಸ್‌ನ 25 ವರ್ಷದ ಒಬ್ಬನಿಗೆ ಕೆಲಸ ಒಪ್ಪಿಸಿದ. ಈ ಮೂರನೆಯವನಿಗೆ ಹುಸಿ ಕರೆ ಹೊಸದಲ್ಲ. ಟಿ.ವಿ. ಕೇಂದ್ರವೊಂದಕ್ಕೆ ಹುಸಿ ಬಾಂಬ್ ಬೆದರಿಕೆ ಹಾಕಿ ಮೊದಲೇ ಜೈಲು ಕಂಡಿದ್ದ. ವಿಚಿಟಾ ಕರೆಗೆ ಎರಡು ವಾರ ಮೊದಲು, ಡಿಸೆಂಬರ್ 14ರಂದು, ಅಮೆರಿಕದ ದೂರಸಂಪರ್ಕ ಆಯೋಗದ ಸಭೆಯೇ ಇವನ ಬೆದರಿಕೆಯಿಂದ ಖಾಲಿಯಾಗಿತ್ತು. ಸತ್ತವನಿಗೆ ಈ ಮೂವರಲ್ಲಿ ಯಾರ ಪರಿಚಯವೂ ಇರಲಿಲ್ಲ. ಅವನಿಗೆ ಇಬ್ಬರು ಪುಟ್ಟ ಮಕ್ಕಳಿದ್ದರು.

ಈ ಬಗೆಯ ಕರೆಗೆ ಅಲ್ಲಿ ಸ್ವಾಟಿಂಗ್ ಎನ್ನುತ್ತಾರೆ. ಸ್ವಾಟ್ ಎಂದರೆ ಪೊಲೀಸರ ವಿಶೇಷ ಸಶಸ್ತ್ರ ದಳ. ಆದರೆ ವಿಚಿಟಾದ ಆ ಮನೆಗೆ ಬಂದವರು ಸ್ವಾಟ್ ದಳದವರಲ್ಲ, ದಿನನಿತ್ಯ ಗಸ್ತು ತಿರುಗುವ ಪೊಲೀಸರು. ನನಗೆ ಈ ಪ್ರಕರಣದಲ್ಲಿ ಹೆಚ್ಚು ಕಾಡುವುದು ಇದೇ. ಸುಳ್ಳು ಹೇಳಿದವನು ಕೊಲೆಗಡುಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸುಳ್ಳು ಜಗುಲಿ ಮುಟ್ಟುವ ಮೊದಲು ತಡೆಯಬಹುದಾಗಿದ್ದ ಜಾಗಗಳು ಹಲವಿದ್ದವು.

ಮೊದಲನೆಯದು, ಕರೆ ಬಂದ ದಾರಿ. 911 ವ್ಯವಸ್ಥೆ 1968ರಲ್ಲಿ ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ ಶುರುವಾಯಿತು. ಇಂದು ಯಾರಾದರೂ 911 ಒತ್ತಿದರೆ ಕರೆ ಸಾಮಾನ್ಯವಾಗಿ ಅವರು ಇರುವ ಜಾಗದ ಕೇಂದ್ರಕ್ಕೇ ಹೋಗುತ್ತದೆ, ಜೊತೆಗೆ ಫೋನ್ ಸಂಖ್ಯೆಯೂ ಇರುವ ಸ್ಥಳವೂ ಪರದೆಯ ಮೇಲೆ ಮೂಡುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಕುಳಿತವನು 911 ಒತ್ತಿದರೆ ಲಾಸ್ ಏಂಜಲೀಸ್ ಕೇಂದ್ರವೇ ಎತ್ತುತ್ತದೆ. ಹಾಗಾಗಿ ದೂರದಿಂದ ಸುಳ್ಳು ಹೇಳುವವನು ಕಚೇರಿಯ ಸಾಮಾನ್ಯ ಹತ್ತಂಕಿ ಸಂಖ್ಯೆಗೆ ಬರಬೇಕಾಗುತ್ತದೆ. ಆ ದಾರಿಯಲ್ಲಿ ಬಂದ ಕರೆಯೊಂದಿಗೆ ಸ್ಥಳದ ಮಾಹಿತಿ ಬರುವುದಿಲ್ಲ. ಕೈಯಲ್ಲಿ ಬಂದೂಕು ಹಿಡಿದು, ಪಕ್ಕದಲ್ಲಿ ಹೆಣ ಬಿದ್ದಿರುವಾಗ, ಮೂರು ಅಂಕಿ ಬಿಟ್ಟು ಸಿಟಿ ಹಾಲ್ ಸಂಖ್ಯೆ ಹುಡುಕಿ ಫೋನ್ ಮಾಡುವವರು ಯಾರು? ಕರೆ ಕೇಳಿ ಪೊಲೀಸರನ್ನು ಕಳಿಸುವ ಡಿಸ್ಪ್ಯಾಚ್ ಕೆಲಸದವರಿಗೆ ಇದು ಮೊದಲ ಎಚ್ಚರಿಕೆಯ ಗುರುತಾಗಬೇಕು.

ಎರಡನೆಯದು, ವಿವರ. ಒಂದೇ ಅಂತಸ್ತಿನ ಮನೆ ಎಂದು ಕರೆ ಮಾಡಿದವನು ಹೇಳಿದ್ದ. ಪೊಲೀಸರ ಕಣ್ಣ ಮುಂದೆ ನಿಂತಿದ್ದದ್ದು ಎರಡು ಅಂತಸ್ತಿನ ಮನೆ. ಮೂರನೆಯದು, ಒಂಟಿ ಕರೆ. ವಸತಿ ಬೀದಿಯಲ್ಲಿ ನಿಜವಾಗಿ ಗುಂಡು ಹಾರಿದರೆ ಅಕ್ಕಪಕ್ಕದವರ ಕರೆಗಳೂ ಬರುವುದೇ ಹೆಚ್ಚು. ಒಬ್ಬನೇ ಹೇಳುತ್ತಿದ್ದಾನೆ, ಬೇರೆ ಯಾರಿಗೂ ಸದ್ದು ಕೇಳಿಲ್ಲ ಎನ್ನುವುದೂ ಒಂದು ಮಾಹಿತಿಯೇ.

ಒಳ್ಳೆಯ ಕೇಂದ್ರದಲ್ಲಿ ಒಬ್ಬರು ಕರೆ ಮಾಡಿದವನನ್ನು ಮಾತಿನಲ್ಲಿ ಹಿಡಿದಿಟ್ಟಿರುವಾಗಲೇ ಇನ್ನೊಬ್ಬರು ಆ ವಿಳಾಸಕ್ಕೆ ಸೇರಿದ ಬೇರೆ ಸಂಖ್ಯೆ ಹುಡುಕಿ ಫೋನ್ ಮಾಡುತ್ತಾರೆ, ಆ ಮನೆಯಿಂದ ಹಿಂದೆ ಬಂದ ಕರೆಗಳನ್ನು ನೋಡುತ್ತಾರೆ, ಸಂಖ್ಯೆ ಯಾವ ಕಂಪನಿಯದು, ಇಂಟರ್ನೆಟ್ ಆ್ಯಪ್‌ನದೇ ಎಂದು ಪರಿಶೀಲಿಸುತ್ತಾರೆ. ಮನೆಯ ಬಣ್ಣ, ಬಾಗಿಲಿನ ದಿಕ್ಕು, ಪಕ್ಕದ ಅಡ್ಡರಸ್ತೆಯ ಹೆಸರು ಕೇಳುತ್ತಾರೆ. ಅಲ್ಲೇ ಇರುವವನಿಗೆ ಗೊತ್ತಿರುವ, ನಕ್ಷೆ ನೋಡುವವನು ತಡವರಿಸುವ ಪ್ರಶ್ನೆಗಳಿವು. ಇಷ್ಟೆಲ್ಲ ಮಾಡಿದ ಮೇಲೂ ಸಂಶಯ ರೇಡಿಯೋದಲ್ಲಿ ದಾಟದಿದ್ದರೆ ಪ್ರಯೋಜನವಿಲ್ಲ. 'ತಂದೆಗೆ ಗುಂಡು, ಇಬ್ಬರು ಒತ್ತೆಯಾಳು, ಪೆಟ್ರೋಲ್' ಎನ್ನುವುದು ಗಸ್ತಿನವರಿಗೆ ತಕ್ಷಣ ತಲುಪುತ್ತದೆ. 'ಕರೆ 911ರಲ್ಲಿ ಬಂದಿಲ್ಲ, ಸ್ಥಳ ದೃಢಪಟ್ಟಿಲ್ಲ, ಎರಡನೇ ಕರೆ ಇಲ್ಲ' ಎನ್ನುವ ಭಾಗ ದಾರಿಯಲ್ಲೇ ಬಿದ್ದುಹೋಗುತ್ತದೆ. ಸ್ಥಳದಲ್ಲಿರುವವನಿಗೆ ಭಯ ಮಾತ್ರ ಮುಟ್ಟುತ್ತದೆ. ಈ ಎರಡನೇ ವಾಕ್ಯವನ್ನೂ ಕಡ್ಡಾಯವಾಗಿ ಓದಬೇಕೆಂಬ ನಿಯಮ ಒಂದಿದ್ದರೆ ಸಾಕಷ್ಟು ಜೀವ ಉಳಿಯುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನು ಬಂದೂಕಿನ ಕಡೆ. ಸ್ವಾಟ್ ದಳಗಳು 1960ರ ದಶಕದಲ್ಲಿ ಹುಟ್ಟಿದ್ದು ಒತ್ತೆಯಾಳು ಬಿಡಿಸುವಂಥ, ಮನೆಯೊಳಗೆ ಅಡಗಿ ಗುಂಡು ಹಾರಿಸುವವನನ್ನು ಎದುರಿಸುವಂಥ ಅಪರೂಪದ ಸಂದರ್ಭಗಳಿಗೆ. ಅಪರಾಧಶಾಸ್ತ್ರಜ್ಞ ಪೀಟರ್ ಕ್ರಾಸ್ಕಾ ಅವರ ಅಂದಾಜಿನಂತೆ 1980ರ ಆರಂಭದಲ್ಲಿ ದೇಶದಲ್ಲೆಲ್ಲ ವರ್ಷಕ್ಕೆ ಸುಮಾರು 3,000 ಇದ್ದ ಇಂಥ ದಾಳಿಗಳು 2000ದ ನಂತರ 40,000 ದಾಟಿದವು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2014ರಲ್ಲಿ 800ಕ್ಕೂ ಹೆಚ್ಚು ದಾಳಿಗಳನ್ನು ಪರಿಶೀಲಿಸಿದಾಗ, 79 ಶೇಕಡ ಸರ್ಚ್ ವಾರಂಟ್ ಜಾರಿಗೆ, ಬಹುಪಾಲು ಮಾದಕವಸ್ತು ಹುಡುಕಲು ನಡೆದಿದ್ದವು. ಒತ್ತೆಯಾಳು, ಅಡಗುದಾಣ, ಗುಂಡಿನ ದಾಳಿಯಂಥ ಮೂಲ ಉದ್ದೇಶಕ್ಕೆ ನಡೆದದ್ದು ಶೇಕಡ 7 ಮಾತ್ರ. ಸೇನೆಯ ಹೆಚ್ಚುವರಿ ಶಸ್ತ್ರ, ವಾಹನಗಳನ್ನು ಊರಿನ ಪೊಲೀಸರಿಗೆ ಕೊಡುವ 1033 ಎಂಬ ಯೋಜನೆಯಲ್ಲಿ, ಪಡೆದದ್ದನ್ನು ಒಂದು ವರ್ಷದೊಳಗೆ ಬಳಕೆಗೆ ತರಬೇಕೆಂಬ ಷರತ್ತಿದೆ. ವಸ್ತು ಬಂದಮೇಲೆ ಅದಕ್ಕೊಂದು ಕೆಲಸ ಹುಡುಕುವುದು ಇಲ್ಲಿಂದ ಶುರು.

2008ರ ಜುಲೈನಲ್ಲಿ ಮೇರಿಲ್ಯಾಂಡ್‌ನ ಬರ್ವಿನ್ ಹೈಟ್ಸ್ ಎಂಬ ಊರಿನ ಮೇಯರ್ ಮನೆಗೇ ಇಂಥ ದಳ ನುಗ್ಗಿ, ಅವರ ಎರಡು ಲ್ಯಾಬ್ರಡಾರ್ ನಾಯಿಗಳನ್ನು ಕೊಂದಿತು. ಅವರು ತಪ್ಪಿತಸ್ಥರಲ್ಲ ಎಂಬುದು ಆಮೇಲೆ ತಿಳಿಯಿತು. ಅವರ ಹೋರಾಟದಿಂದ ಆ ರಾಜ್ಯದಲ್ಲಿ ಪ್ರತಿ ದಾಳಿಯ ಲೆಕ್ಕ ಕೊಡಬೇಕೆಂಬ ಕಾನೂನು ಬಂತು. ಲೆಕ್ಕ ಹೊರಬಿದ್ದಾಗ ಒಂದೇ ರಾಜ್ಯದಲ್ಲಿ ದಿನಕ್ಕೆ ಸರಾಸರಿ ನಾಲ್ಕೂವರೆ ದಾಳಿ. 2014ರಲ್ಲಿ ಜಾರ್ಜಿಯಾದಲ್ಲಿ ಮಾದಕವಸ್ತು ಹುಡುಕಲು ಹೋದ ದಳ ಎಸೆದ, ಕಣ್ಣು ಕುಕ್ಕುವ ಬೆಳಕು ಮತ್ತು ಭಾರಿ ಸದ್ದು ಮಾಡುವ ಫ್ಲಾಶ್‌ಬ್ಯಾಂಗ್ ಗ್ರೆನೇಡ್ 19 ತಿಂಗಳ ಮಗುವಿನ ತೊಟ್ಟಿಲಿನಂಥ ಹಾಸಿಗೆಗೆ ಬಿತ್ತು. ಅವರು ಹುಡುಕುತ್ತಿದ್ದ ವ್ಯಕ್ತಿ ಅಲ್ಲಿರಲಿಲ್ಲ. ಬಾಗಿಲು ತಟ್ಟಿ 15ರಿಂದ 20 ಸೆಕೆಂಡು ಕಾದು ಒಡೆದದ್ದು ಸರಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2003ರ ಒಂದು ಪ್ರಕರಣದಲ್ಲಿ ಒಪ್ಪಿದೆ. ನಿದ್ದೆಯಲ್ಲಿದ್ದವರು ಹಾಸಿಗೆಯಿಂದ ಎದ್ದು ಕನ್ನಡಕ ಹುಡುಕುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಹುಸಿ ಕರೆ ಮಾಡುವವನು ಆಯುಧ ಒದಗಿಸಬೇಕಿಲ್ಲ. ವಿಳಾಸ ಒದಗಿಸಿದರೆ ಸಾಕು.

ವಿಚಿಟಾ ಕರೆ ಮಾಡಿದವನಿಗೆ 2019ರ ಮಾರ್ಚ್‌ನಲ್ಲಿ 20 ವರ್ಷ ಶಿಕ್ಷೆಯಾಯಿತು. ಗುಂಡು ಹಾರಿಸಿದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಜಿಲ್ಲಾ ಅಟಾರ್ನಿ ನಿರಾಕರಿಸಿದರು. ನಗರಾಡಳಿತ 2023ರಲ್ಲಿ ಕುಟುಂಬಕ್ಕೆ 50 ಲಕ್ಷ ಡಾಲರ್ ಕೊಡಲು ಒಪ್ಪಿತು.

ಫೋನ್ ಸಂಖ್ಯೆ ನಕಲಿ ಮಾಡುವುದನ್ನು ತಡೆಯಲು 2021ರ ಜೂನ್ 30ರಿಂದ ದೊಡ್ಡ ಫೋನ್ ಕಂಪನಿಗಳು ಸ್ಟಿರ್-ಶೇಕನ್ ಎಂಬ ದೃಢೀಕರಣ ಅಳವಡಿಸಬೇಕಾಯಿತು. ಅದು ಸಂಖ್ಯೆ ಅಸಲಿಯೇ ಎಂದು ಹೇಳುತ್ತದೆ, ಮಾತನಾಡುವವನು ಎಲ್ಲಿದ್ದಾನೆಂದಲ್ಲ. ಹಾಗಾಗಿ ಹುಸಿ ಕರೆಗಳು ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದ ಒಬ್ಬ ಹದಿಹರೆಯದವನು 2022ರ ಆಗಸ್ಟ್‌ನಿಂದ 2024ರ ಜನವರಿವರೆಗೆ 375ಕ್ಕೂ ಹೆಚ್ಚು ಇಂಥ ಕರೆ, ಬೆದರಿಕೆಗಳನ್ನು ಮಾಡಿದ. 2025ರಲ್ಲಿ ಅವನಿಗೆ ನಾಲ್ಕು ವರ್ಷ ಸಜೆಯಾಯಿತು. ನನಗೆ ಹೆಚ್ಚು ಉಪಯುಕ್ತವೆನಿಸುವುದು ಸಿಯಾಟಲ್ ಪೊಲೀಸರು 2018ರಲ್ಲಿ ತಂದ ಸರಳ ಕ್ರಮ: ತಮಗೆ ಹೀಗಾಗಬಹುದೆಂಬ ಅಂಜಿಕೆಯಿರುವವರು ತಮ್ಮ ವಿಳಾಸವನ್ನು ಮೊದಲೇ ನೋಂದಾಯಿಸಬಹುದು. ಪೊಲೀಸರು ಆಗಲೂ ಬರುತ್ತಾರೆ, ಆದರೆ ಇದು ಹುಸಿಯಿರಬಹುದು ಎಂದು ತಿಳಿದೇ ಬರುತ್ತಾರೆ.

ಬೆಂಗಳೂರಿನಲ್ಲಿ 2023ರ ಡಿಸೆಂಬರ್ 1ರಂದು ಹಲವು ಶಾಲೆಗಳಿಗೆ ಹುಸಿ ಬಾಂಬ್ ಇಮೇಲ್ ಬಂದಾಗ ಪೋಷಕರು ಪಟ್ಟ ಸಂಕಟ ನೆನಪಿದೆ. ಆದರೂ ಇಲ್ಲಿ 112ಕ್ಕೆ ಕರೆ ಹೋದರೆ ಹೊಯ್ಸಳ ವಾಹನದಲ್ಲಿ ಬಂದವರು ಬಾಗಿಲು ತಟ್ಟಿ ಮಾತಾಡಿಸುತ್ತಾರೆ. ಅಮೆರಿಕದಲ್ಲಿರುವ ನಮ್ಮವರು ಈ ವ್ಯತ್ಯಾಸ ಮರೆಯಬಾರದು. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57ರ ಅಜ್ಜ ಬೀದಿಯಲ್ಲಿ ನಡೆಯುತ್ತಿದ್ದಾಗ ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದ್ದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸರೊಬ್ಬರು ನೆಲಕ್ಕೆ ಕೆಡವಿದರು, ಬೆನ್ನುಮೂಳೆಗೆ ಪೆಟ್ಟಾಯಿತು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮೊದಲ ವಾರದಲ್ಲೇ ಕನ್ನಡದಲ್ಲಿ ಹೇಳಿಕೊಡಿ: ಪೊಲೀಸ್ ಕಂಡರೆ ನಿಂತಲ್ಲೇ ನಿಲ್ಲಿ, ಎರಡೂ ಕೈ ಬಿಚ್ಚಿ ತೋರಿಸಿ, ಜೇಬಿಗೆ, ಸೊಂಟಕ್ಕೆ ಕೈ ಹಾಕಬೇಡಿ.

ಮನೆಯಲ್ಲಿ ಆಟವಾಡುವ ಮಕ್ಕಳಿದ್ದರೆ ಆಟದ ಹೆಸರು, ಇಮೇಲ್, ಶಾಲೆಯ ಹೆಸರು ಒಂದಕ್ಕೊಂದು ಹೊಂದದಂತೆ ಬೇರೆಬೇರೆ ಇರಲಿ. ಜಗಳದಲ್ಲಿ ಯಾವ ವಿಳಾಸವನ್ನೂ, ಹಳೆಯದನ್ನೂ, ಸುಳ್ಳನ್ನೂ ಕೊಡಬಾರದು. ಅಲ್ಲಿ ಬೇರೊಬ್ಬರು ವಾಸವಿರುತ್ತಾರೆ. ಬಾಗಿಲ ಕ್ಯಾಮೆರಾಕ್ಕೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಮತ್ತು ಎರಡು ಹಂತದ ದೃಢೀಕರಣ ಇರಲಿ. ಕದ್ದ ಪಾಸ್‌ವರ್ಡ್‌ನಿಂದ ಕ್ಯಾಮೆರಾ ಹೊಕ್ಕು ದಾಳಿಯನ್ನು ನೇರವಾಗಿ ನೋಡಿದವರಿದ್ದಾರೆಂದು ಎಫ್‌ಬಿಐ 2020ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು. ಬೆದರಿಕೆ ಬಂದಿದ್ದರೆ ಕಾಯದೆ ಊರಿನ ಪೊಲೀಸರ ತುರ್ತಲ್ಲದ ಸಂಖ್ಯೆಗೆ ಫೋನ್ ಮಾಡಿ, ನಿಮ್ಮ ವಿಳಾಸಕ್ಕೆ ಟಿಪ್ಪಣಿ ಸೇರಿಸಲು ಕೇಳಿ.

ಪೊಲೀಸರು ಬಂದೇಬಿಟ್ಟರೆ ಬಾಗಿಲಿಗೆ ಓಡಬೇಡಿ. ಮೊದಲು ನಿಮ್ಮ ಮೊಬೈಲಿನಿಂದಲೇ 911ಕ್ಕೆ ಕರೆ ಮಾಡಿ. ಈ ಸಲ ಕರೆ ನಿಮ್ಮ ಊರಿನ ಕೇಂದ್ರಕ್ಕೇ, ನಿಮ್ಮ ಸ್ಥಳದ ಸಮೇತ ಹೋಗುತ್ತದೆ. ಮನೆಯೊಳಗೆ ಇಷ್ಟು ಜನರಿದ್ದೇವೆ, ಯಾರಿಗೂ ಏನೂ ಆಗಿಲ್ಲ, ಇದು ಸುಳ್ಳು ಕರೆಯಿರಬಹುದು, ಹೊರಗಿರುವವರಿಗೆ ತಿಳಿಸಿ ಎನ್ನಿ. ನಾಯಿಯಿದ್ದರೆ ಒಂದು ಕೋಣೆಗೆ ಹಾಕಿ ಬಾಗಿಲು ಮುಚ್ಚಿ. ದೀಪಗಳನ್ನು ಹಾಕಿ. ಹೊರಬರಲು ಹೇಳಿದಾಗ ಕೈಯಲ್ಲಿ ಫೋನ್ ಸೇರಿ ಏನೂ ಇರಬಾರದು, ಕೈಗಳು ಭುಜಕ್ಕಿಂತ ಮೇಲಿರಲಿ, ಉಡುಪು ಸರಿಮಾಡಿಕೊಳ್ಳಲೂ ಇಳಿಸಬೇಡಿ. ಹಲವರು ಒಟ್ಟಿಗೆ ಕೂಗಿದರೆ ಅಲ್ಲಾಡದೆ ನಿಂತು, ಒಬ್ಬರೇ ಹೇಳುವಂತೆ ಕೇಳಿಕೊಳ್ಳಿ. ವಾದ, ವಿವರಣೆ ಎಲ್ಲ ಆಮೇಲೆ. ಎಲ್ಲ ಮುಗಿದ ಮೇಲೆ ಪ್ರಕರಣದ ಸಂಖ್ಯೆ ಬರೆದುಕೊಳ್ಳಿ, ಬಂದ ಬೆದರಿಕೆ ಸಂದೇಶಗಳನ್ನು ಅಳಿಸದೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಎಫ್‌ಬಿಐಯ ಇಂಟರ್ನೆಟ್ ಅಪರಾಧ ದೂರು ಕೇಂದ್ರಕ್ಕೂ ದೂರು ಕೊಡಿ. ಕರೆ ಬೇರೆ ರಾಜ್ಯದಿಂದ ಬಂದಿದ್ದರೆ ಊರಿನ ಪೊಲೀಸರ ಕೈ ಅಲ್ಲಿಯವರೆಗೆ ಚಾಚದಿರಬಹುದು.